ಕೆರೆಯ ನೀರಿಗೂ ಒಂದಿಷ್ಟು ಕತ್ತಲೆ ಇರಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ನಮ್ಮ ಬಡಾವಣೆ ಪಕ್ಕದ ಕೆರೆಗೆ ಈ ಬೇಸಿಗೆಯಲ್ಲಿ ಹೊಸ ದೀಪ ಬಂದವು. ಸಂಜೆ ಹೊತ್ತು ಹೆಣ್ಣುಮಕ್ಕಳು ಅಲ್ಲಿ ಓಡಾಡಲು ಅಂಜುತ್ತಿದ್ದರು. ಕಾಲುದಾರಿಗೆ ಬೆಳಕು ಬೇಕೇ ಬೇಕಿತ್ತು. ಆದರೆ ಅರ್ಧದಷ್ಟು ದೀಪಗಳ ಮುಖ ನೀರಿನ ಕಡೆಗಿದೆ, ಬೆಳಗಿನ ತನಕ ಉರಿಯುತ್ತವೆ. ರಾತ್ರಿ ನೀರಲ್ಲಿ ಓಡಾಡುವವರು ಯಾರಪ್ಪಾ ಅಂತ ನಗಬೇಡಿ. ಇದ್ದಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ಚಳಿಗಾಲದಲ್ಲಿ, ದೀಪ ಬರುವ ಮೊದಲು, ನಾಲ್ಕೈದು ಹುಡುಗರ ಜೊತೆ ತೂಬಿನ ಕಟ್ಟೆ ಮೇಲೆ ಹೋಗಿದ್ದೆ. ಮಧ್ಯಾಹ್ನ ಮೇಲಿನ ನೀರನ್ನು ಗಾಜಿನ ಲೋಟದಲ್ಲಿ ತೆಗೆದೆವು. ಹೆಚ್ಚೇನೂ ಕಾಣಲಿಲ್ಲ. ಬಾಟಲಿಗೆ ಕಲ್ಲು ಕಟ್ಟಿ, ಬೂಚಿಗೆ ಬೇರೆ ದಾರ ಕಟ್ಟಿ, ತಳದ ಹತ್ತಿರ ಇಳಿಸಿ ಬೂಚು ಎಳೆದೆವು. ಆ ನೀರಿನಲ್ಲಿ ರವೆಯಂಥ ಬಿಳಿ ಚುಕ್ಕೆಗಳು! ಒಂದು ಸಲ ಕುಪ್ಪಳಿಸುತ್ತವೆ, ಕೆಳಗಿಳಿಯುತ್ತವೆ, ಮತ್ತೆ ಕುಪ್ಪಳಿಸುತ್ತವೆ. ಕೆಲವಕ್ಕೆ ಬಾಲದ ಎರಡೂ ಬದಿ ಮೊಟ್ಟೆಯ ಚೀಲ. ರಾತ್ರಿ ಎಂಟಕ್ಕೆ ಹೋದಾಗ ಅವೇ ಚುಕ್ಕೆಗಳು ಮೇಲಿನ ನೀರಲ್ಲೇ ಸಿಕ್ಕವು.

ಇವು ಡಾಫ್ನಿಯಾ, ಸೈಕ್ಲಾಪ್ಸ್ ಮುಂತಾದವು. ಏಡಿ, ಸೀಗಡಿಗಳ ದೂರದ ನೆಂಟರು. ಮೊಟ್ಟೆ ಚೀಲದ್ದು ಸೈಕ್ಲಾಪ್ಸ್. ನಾರುಹುಣ್ಣಿನ ಹುಳು ಮನುಷ್ಯರ ಹೊಟ್ಟೆ ಸೇರುತ್ತಿದ್ದುದು ಇದರ ಮೂಲಕವೇ. ನಮ್ಮಜ್ಜಿ ಬಾವಿ ನೀರನ್ನು ಧೋತರದಲ್ಲಿ ಸೋಸುತ್ತಿದ್ದುದು ಸುಮ್ನೆ ಅಲ್ಲ. 2000ರಲ್ಲಿ ಭಾರತ ಆ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು, ಬಿಡಿ.

ಇವುಗಳ ಊಟವಾದ ಪಾಚಿ ಬೆಳೆಯುವುದು ಬಿಸಿಲು ಬೀಳುವ ಮೇಲಿನ ನೀರಿನಲ್ಲಿ. ಮೀನು ಕಣ್ಣಿಂದ ನೋಡಿ ಹಿಡಿಯುವುದೂ ಅಲ್ಲೇ. ಅದಕ್ಕೇ ಹಗಲೆಲ್ಲ ಕತ್ತಲ ಆಳದಲ್ಲಿ ಅಡಗಿದ್ದು, ರಾತ್ರಿ ಮೇಲೆ ಬಂದು ಮೇಯುತ್ತವೆ. ನೀರಿಗೆ ಬೆರೆತ ಮೀನಿನ ವಾಸನೆ ಸಿಕ್ಕರೆ ಡಾಫ್ನಿಯಾ ಇನ್ನೂ ಆಳಕ್ಕೆ ಹೋಗುತ್ತದೆ. ತಿಳಿನೀರಿನ ಆಳವಾದ ಸರೋವರಗಳಲ್ಲಿ ಹತ್ತಾರು ಮೀಟರ್ ಇಳಿಯುವುದುಂಟು. ಎರಡಾಳು ಆಳದ ನಮ್ಮ ಕೆರೆಯಲ್ಲಿ ಎಲ್ಲಿಗಂತ ಹೋಗಬೇಕು? ಮಳೆಗಾಲದ ಕೆಸರು ನೀರು ಮರೆ ಕೊಡುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಆಳವೇ ಉಳಿಯುವುದಿಲ್ಲ.

ಬೆಳದಿಂಗಳೂ ಇವಕ್ಕೆ ಅಪಾಯವೇ. ಆಫ್ರಿಕಾದ ಕಾಹೋರಾ ಬಾಸಾ ಜಲಾಶಯದ ಬಗ್ಗೆ 1986ರಲ್ಲಿ ಗ್ಲಿವಿಚ್ ಎಂಬ ವಿಜ್ಞಾನಿ ಬರೆದಿದ್ದಾರೆ. ಹುಣ್ಣಿಮೆ ಕಳೆದ ಮೇಲೆ ಚಂದ್ರ ತಡವಾಗಿ ಹುಟ್ಟುತ್ತಾನಲ್ಲ, ಕತ್ತಲೆಂದು ನಂಬಿ ಮೇಲೆ ಬಂದ ಈ ಜೀವಿಗಳು ಚಂದ್ರ ಮೂಡಿದೊಡನೆ ಮೀನಿನ ಬಾಯಿಗೆ ಬೀಳುತ್ತಿದ್ದವಂತೆ. ಚಂದ್ರನಾದರೂ ತಿಂಗಳಿಗೊಮ್ಮೆ ರಜೆ ಹಾಕುತ್ತಾನೆ, ನಮ್ಮ ಎಲ್‌ಇಡಿಗೆ ಅಮಾವಾಸ್ಯೆಯೂ ಇಲ್ಲ. ಅಮೆರಿಕದ ಬಾಸ್ಟನ್ ಹತ್ತಿರದ ವಾಬನ್ ಸರೋವರದಲ್ಲಿ ಊರಿನ ಬೆಳಕು ತಾಗದಂತೆ ಮರೆ ಮಾಡಿದ ಕಡೆ ಡಾಫ್ನಿಯಾ ರಾತ್ರಿ ಜಾಸ್ತಿ ಮೇಲೆ ಬಂದವು. ಬೆಳಕು ತಾಗಿದ ಕಡೆ ಕೆಳಗೇ ಉಳಿದವು. ಮೇಯುವವರು ಮೇಲೆ ಬರದಿದ್ದರೆ ಪಾಚಿ ಬೆಳೆದು ನೀರು ಹಸಿರಾದೀತು ಎಂಬುದು ಅಲ್ಲಿ ಪ್ರಯೋಗ ಮಾಡಿದ ಸಂಶೋಧಕರ ಅನುಮಾನ.

ದೀಪ ಬಂದ ಮೇಲೆ ನಾವು ಮತ್ತೊಮ್ಮೆ ಲೋಟ ಹಿಡಿದು ಹೋದೆವು. ಮೇಲಿನ ನೀರಲ್ಲಿ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಬೇಸಿಗೆ ಬೇರೆ, ಒಂದೇ ರಾತ್ರಿ ನೋಡಿದ್ದು, ಇದನ್ನೇ ಪುರಾವೆ ಅನ್ನಲಾರೆ.

ದೀಪಗಳ ಮುಖ ದಾರಿಗೆ ತಿರುಗಿಸಿ, ಮೇಲೆ ತಗಡಿನ ಮರೆ ಕಟ್ಟಿಸಿದರೆ ಸಾಕು. ರಾತ್ರಿ 11ರ ನಂತರ ಜನ ಇಲ್ಲದ ಕಡೆ ಆರಿಸಲಿ, ಕರೆಂಟ್ ಬಿಲ್ಲೂ ಉಳಿಯುತ್ತದೆ. ಲೈನ್‌ಮನ್ ಬರುವ ದಿನ ಹೇಳಿದರೆ ಏಣಿ ಹಿಡಿಯಲು ನಮ್ಮ ಹುಡುಗರು ಬರುತ್ತಾರೆ.

— ಒಬ್ಬ ಶಿಕ್ಷಕ, ಕಲಬುರಗಿ