ತೀರಿಹೋದ ಅತ್ತೆಯ ಹೆಬ್ಬೆಟ್ಟು ಎಲ್ಲಿಂದ ತರಲಿ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಅಂಕೋಲಾ ತಾಲೂಕಿನ ಕಡಲ ದಂಡೆಯವಳು. ಗಂಡ ಮೀನಿನ ಬೋಟಿನಲ್ಲಿ ಕಲಾಸಿ, ಅಂದರೆ ದುಡಿಯುವ ಆಳು. ಕಳೆದ ಮಳೆಗಾಲದ ಕೊನೆಗೆ ನಮ್ಮ ಅತ್ತೆ ತೀರಿಕೊಂಡರು. ಅವರ ಖಾತೆಗೆ ಬರುತ್ತಿದ್ದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಅಲ್ಲಿಗೆ ನಿಂತಿತು. ಪಡಿತರ ಚೀಟಿಯಲ್ಲಿ ಯಜಮಾನಿಯಾಗಿ ಅವರ ಜಾಗಕ್ಕೆ ನನ್ನ ಹೆಸರು ಬರಬೇಕು, ಹಣ ಮತ್ತೆ ಶುರುವಾಗಬೇಕು. ನಾನು ಕೇಳುತ್ತಿರುವುದು ಇಷ್ಟೇ. ಇದನ್ನು ಕೇಳಿ ಕೇಳಿ ಬಾಯಿ ನೋವು ಬಂದ ಮೇಲೆ ಬರೆಯಲು ಕೂತಿದ್ದೇನೆ.

ಈ ಎರಡು ಸಾವಿರದಲ್ಲಿ ಏನಾಗುತ್ತದೆ, ಬಿಟ್ಟಿ ಹಣ ಕೊಟ್ಟು ಜನರನ್ನು ಸೋಮಾರಿ ಮಾಡಿದರು ಎನ್ನುವವರು ನಮ್ಮೂರಲ್ಲೂ ಇದ್ದಾರೆ. ಹೆಚ್ಚಿನವರು ತಿಂಗಳ ಸಂಬಳದವರು. ನಮ್ಮ ಮನೆಗೆ ತಿಂಗಳು ಅನ್ನುವುದು ಇರಲೇ ಇಲ್ಲ. ಬಲೆಗೆ ಮೀನು ಬಿದ್ದರೆ ಪಾಲು. ಬೀಳದಿದ್ದರೆ ಡೀಸೆಲ್ ಲೆಕ್ಕ ಮುಗಿದ ಮೇಲೆ ಕೈಗೆ ಏನೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ ಎಂದು ಬೋಟು ಕಟ್ಟಿಹಾಕುತ್ತಾರೆ. ಆಗ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತಿತ್ತು, ಅತ್ತೆಯ ಕಿವಿಯ ಓಲೆ ಸೊಸೈಟಿಯಲ್ಲಿ ಅಡವಿಗೆ ಹೋಗುತ್ತಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅವರು ಒಂದು ದಿನ ತಿಂದು ಒಂದು ದಿನ ಬಿಡುತ್ತಿದ್ದರು. ಕೇಳಿದರೆ "ಇವತ್ತು ಸಿಹಿ ತಿಂದಿಲ್ಲ ಬಿಡು" ಅನ್ನುತ್ತಿದ್ದರು.

2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಯೋಜನೆಗೆ ಚಾಲನೆ ಕೊಟ್ಟರಲ್ಲ, ಆಗ ಟಿವಿಯಲ್ಲಿ ಹಣ ಅತ್ತೆಗೋ ಸೊಸೆಗೋ ಎಂದು ದೊಡ್ಡ ಜಗಳ. ನಮ್ಮಲ್ಲಿ ಜಗಳ ಆಗಲಿಲ್ಲ. ಹಣ ಅತ್ತೆಯದು, ಮಾತ್ರೆ ದಿನವೂ ಆಯಿತು. ಉಳಿದ ದುಡ್ಡನ್ನು ಅವರು ಮೀನಿನ ಹರಾಜಿಗೆ ಒಯ್ದರು. ಮೊದಲು ವ್ಯಾಪಾರಿಯ ಹತ್ತಿರ ಸಾಲ ತಂದು ತಾರ್ಲೆ ಮೀನು, ಶೆಟ್ಲಿ ಅನ್ನುವ ಸಿಗಡಿ ಕೊಳ್ಳುತ್ತಿದ್ದರು. ಒಣಗಿಸಿದ ಮೇಲೆ ಅದೇ ವ್ಯಾಪಾರಿಗೆ, ಅವನು ಹೇಳಿದ ದರಕ್ಕೇ ಕೊಡಬೇಕಿತ್ತು. ಕೈಯಲ್ಲಿ ಸ್ವಂತ ದುಡ್ಡು ಬಂದಮೇಲೆ ಒಣಮೀನನ್ನು ತಾವೇ ಸರ್ಕಾರಿ ಬಸ್ಸಿನಲ್ಲಿ ಯಲ್ಲಾಪುರ, ಶಿರಸಿ ಕಡೆ ಒಯ್ದು ಮಾರಿದರು. ಬಸ್ಸೂ ಪುಕ್ಕಟೆ. ಸೋಮಾರಿಗಳು ಅಂದರಲ್ಲ, ಘಟ್ಟ ಹತ್ತಿ ಮೀನು ಮಾರಿ ರಾತ್ರಿ ಮನೆಗೆ ಬರುತ್ತಿದ್ದ ಅರವತ್ತು ದಾಟಿದ ಹೆಂಗಸು ಅವರು. ಕೊನೆಗೆ ಓಲೆಯನ್ನೂ ಬಿಡಿಸಿಕೊಂಡರು. ಕೈ ಖಾಲಿಯಾದಾಗ ನನ್ನ ಗಂಡ ಅವರ ಮುಂದೆ ನಿಂತು ದುಡ್ಡು ಕೇಳುವುದನ್ನು ನಾನು ನೋಡಿದ್ದೇನೆ. ಮದುವೆಯಾಗಿ ಬಂದಾಗಿನಿಂದ ನೋಡಿದ್ದು ಅದರ ತಿರುಗುಮುರುಗು. ಅಕ್ಕಿಯ ಬದಲಿಗೆ ತಲೆಗೆ 170 ರೂಪಾಯಿಯಂತೆ ಬರುತ್ತಿದ್ದ ಹಣವೂ ಅವರ ಖಾತೆಗೇ ಬರುತ್ತಿತ್ತು. 2025ರಲ್ಲಿ ಅದನ್ನು ನಿಲ್ಲಿಸಿ ಅಕ್ಕಿಯನ್ನೇ ಕೊಟ್ಟಿರಿ. ಅದಕ್ಕೆ ತಕರಾರಿಲ್ಲ.

ಈಗ ಪಡಿತರ ಚೀಟಿ ಕಚೇರಿಯ ಸುದ್ದಿ. ಮರಣ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಹಿಡಿದು ಹೋದೆ. ಕಂಪ್ಯೂಟರಿನ ಮುಂದಿದ್ದವರು ನೋಡಿ, "ಯಜಮಾನಿ ಬದಲಾಗಬೇಕಾದರೆ ಈಗಿನ ಯಜಮಾನಿಯೇ ಬಂದು ಹೆಬ್ಬೆಟ್ಟು ಕೊಡಬೇಕು" ಅಂದರು. "ಅವರು ತೀರಿಕೊಂಡಿದ್ದಾರೆ ಸರ್, ಪತ್ರ ನಿಮ್ಮ ಕೈಯಲ್ಲೇ ಇದೆ" ಅಂದೆ. ಅವರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅದು ಸರಿಯಮ್ಮ, ಸಿಸ್ಟಮ್ ಕೇಳ್ತದಲ್ಲ" ಅಂದರು. ಸರತಿಯಲ್ಲಿದ್ದವರು ನಕ್ಕರು.

ಶಾಸಕರೇ, ಬದುಕಿದ್ದಾಗಲೇ ಅತ್ತೆಯ ಹೆಬ್ಬೆಟ್ಟು ಮೆಶಿನ್ನಿಗೆ ಸಿಗುತ್ತಿರಲಿಲ್ಲ. ಉಪ್ಪಿನಲ್ಲಿ ಕೈ ಅದ್ದಿ ಅದ್ದಿ ಗೆರೆಯೆಲ್ಲ ಸವೆದಿತ್ತು. ರೇಷನ್ ಅಂಗಡಿಯಲ್ಲಿ ಸೆರಗಿಗೆ ಒರೆಸಿಕೊಂಡು ಮತ್ತೆ ಮತ್ತೆ ಒತ್ತುತ್ತಿದ್ದರು. ಈಗ ಹೋದಲ್ಲಿಂದ ಬಂದು ಒತ್ತಿದರೆ ಸರಿಯಾಗಿ ಬೀಳುತ್ತದೆ ಎಂದು ನಿಮ್ಮ ಸಿಸ್ಟಮ್ ಯಾವ ಧೈರ್ಯದಲ್ಲಿ ಕೇಳುತ್ತದೋ!

ಅಲ್ಲಿಂದ ಮುಂದೆ ಗೊತ್ತೇ ಇದೆ. ಗೃಹಲಕ್ಷ್ಮಿ ಹಣದ ಕಚೇರಿಯವರು "ಮೊದಲು ಕಾರ್ಡು ಸರಿ ಮಾಡಿಸಿಕೊಂಡು ಬಾ" ಅನ್ನುತ್ತಾರೆ. ಕಾರ್ಡಿನವರು "ತಿದ್ದುಪಡಿ ಬಂದ್ ಇದೆ, ಬಿಟ್ಟಾಗ ಬಾ" ಅನ್ನುತ್ತಾರೆ. ಬಿಟ್ಟ ದಿನ ಸರ್ವರ್ ಇರುವುದಿಲ್ಲ. ಹಣ ನಿಲ್ಲಿಸುವಾಗ ಮಾತ್ರ ಇದೇ ಸರ್ವರ್ ಎಷ್ಟು ಚುರುಕಾಗಿತ್ತು! ಅತ್ತೆಯ ವೈಕುಂಠ ಸಮಾರಾಧನೆ ಮುಗಿಯುವುದರೊಳಗೆ ಅದಕ್ಕೆ ಸುದ್ದಿ ಮುಟ್ಟಿತ್ತು.

ಕಾಯ್ದೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ಪ್ರಕಾರ ಮನೆಯಲ್ಲಿ 18 ವರ್ಷ ತುಂಬಿದ ಹಿರಿಯ ಹೆಂಗಸೇ ಚೀಟಿಯ ಯಜಮಾನಿ. ನಮ್ಮ ಚೀಟಿಯಲ್ಲಿ ಅತ್ತೆ ಬಿಟ್ಟರೆ ದೊಡ್ಡ ಹೆಂಗಸು ನಾನೊಬ್ಬಳೇ, ಇನ್ನೊಬ್ಬಳು ಆರನೇ ಕ್ಲಾಸಿನ ಮಗಳು. ಮತ್ತೆ ನಾನು ಯಾರ ಅಪ್ಪಣೆಗೆ ಕಾಯಬೇಕು? ಮರಣ ದಾಖಲಾದ ಕೂಡಲೇ ಮುಂದಿನ ಹೆಂಗಸಿನ ಹೆಸರು ಏರಬೇಕು, ಹಣ ಅವಳ ಖಾತೆಗೆ ಹೋಗಬೇಕು. ನನ್ನೊಬ್ಬಳದೇ ಕತೆಯಲ್ಲ ಇದು. ನಮ್ಮ ಕೇರಿಯಲ್ಲೇ ಹೀಗೆ ನಿಂತ ಮನೆಗಳು ಇನ್ನೂ ಇವೆ. ಅವರು ಬರೆಯುವವರಲ್ಲ, ಬೈಯುವವರು.

ನಿಮ್ಮ ಪ್ರಚಾರದ ಹಾಳೆಯಲ್ಲಿ ರಾಜ್ಯದ 1 ಕೋಟಿಗೂ ಹೆಚ್ಚು ಯಜಮಾನಿಯರಿಗೆ ಹಣ ತಲುಪುತ್ತಿದೆ ಎಂದು ಓದಿದೆ. ಸಂತೋಷ. ಆ ಲೆಕ್ಕದಲ್ಲಿ ನಮ್ಮತ್ತೆ ಇನ್ನೂ ಇದ್ದಾರೋ ಏನೋ, ಚೀಟಿಯಲ್ಲಂತೂ ಇದ್ದಾರೆ.

ಮಳೆಗಾಲ ಹತ್ತಿರ ಬಂತು. ಅತ್ತೆಯ ಓಲೆ ಈಗ ನನ್ನ ಕಿವಿಯಲ್ಲಿದೆ, ಅಡವಿಗೆ ಹಾಕುವ ಮನಸ್ಸಿಲ್ಲ. ಬೋಟು ಕಟ್ಟುವುದರೊಳಗೆ ಚೀಟಿಯಲ್ಲಿ ನನ್ನ ಹೆಸರು ಬರಬೇಕು, ಹಣ ಶುರುವಾಗಬೇಕು. ನಿಂತ ತಿಂಗಳುಗಳ ಬಾಕಿಯೂ ಸೇರಿ ಬರಬೇಕು. ಆಗುವುದಿಲ್ಲ ಎನ್ನುವುದಾದರೆ ಯಾವ ನಿಯಮದಡಿ ಆಗುವುದಿಲ್ಲ ಎಂದು ಸಹಿ ಹಾಕಿದ ಕಾಗದದಲ್ಲಿ ತಿಳಿಸಿ. "ಪರಿಶೀಲಿಸಲಾಗುವುದು" ಎಂಬ ಉತ್ತರ ಮಾತ್ರ ಕಳಿಸಬೇಡಿ, ಅದು ನನ್ನ ಹತ್ತಿರ ಆಗಲೇ ಇದೆ.

ಇತಿ,
ನಿಮ್ಮ ಕ್ಷೇತ್ರದ ಮತದಾರಳು