ಹಾರ್ಡ್ ಡಿಸ್ಕ್: ವ್ಯಾಟ್ ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರೇ,

‘ವಿದ್ಯುತ್ ಉಳಿಸುವ’ ಹಾರ್ಡ್ ಡಿಸ್ಕ್ ಕೊಳ್ಳುವವರು ಮೊದಲು ಉಳಿತಾಯ ಎಷ್ಟೆಂದು ಲೆಕ್ಕ ಹಾಕಲಿ. ನಿಮಿಷಕ್ಕೆ 5400 ಸುತ್ತಿನ ಡಿಸ್ಕ್ 7200 ಸುತ್ತಿನದಕ್ಕಿಂತ ಸಾಮಾನ್ಯವಾಗಿ ಎರಡು–ಮೂರು ವ್ಯಾಟ್ ಕಡಿಮೆ ಎಳೆಯುತ್ತದೆ. ದಿನಕ್ಕೆ 6 ಗಂಟೆ ಓಡಿದರೆ ವರ್ಷಕ್ಕೆ ಹೆಚ್ಚೆಂದರೆ ಆರೂವರೆ ಯೂನಿಟ್. ಬಿಸಿ, ಸದ್ದು ತಗ್ಗುವುದೇ ನಿಜವಾದ ಲಾಭ.

ಜಾಹೀರಾತು ಹೇಳದ್ದು ಬೇರೆ ಇದೆ. ಹೆಚ್ಚು ಸಾಮರ್ಥ್ಯದ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಬಗೆಯವು. ಅವುಗಳಲ್ಲಿ ಡೇಟಾದ ಟ್ರ್ಯಾಕ್‌ಗಳು ಮಾಡಿನ ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಕ್ಯಾಶ್ (ಡೇಟಾವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ತುಂಬುವವರೆಗೆ ಎಲ್ಲ ಸರಾಗ, ಆಮೇಲೆ ವೇಗ ನೆಲಕಚ್ಚುತ್ತದೆ. ಹಾಗಾಗಿ 1 ಜಿಬಿ ಫೈಲ್ ನಕಲಿಸಿ ತೀರ್ಪು ಕೊಡುವ ವಿಮರ್ಶೆಗಳನ್ನು ನಂಬಬೇಡಿ. 200–300 ಜಿಬಿ ಎಡೆಬಿಡದೆ ಬರೆಸಿ ನೋಡಬೇಕು. ರೇಡ್ (ಹಲವು ಡಿಸ್ಕ್ ಸೇರಿಸಿ ಒಂದರಂತೆ ಬಳಸುವ ವ್ಯವಸ್ಥೆ) ಕಟ್ಟುವವರಿಗೆ ಟ್ರ್ಯಾಕ್‌ಗಳು ಒಂದರ ಮೇಲೊಂದು ಕೂರದ ಸಿಎಂಆರ್ ಡಿಸ್ಕೇ ಸರಿ.

ವಿದ್ಯುತ್ ಉಳಿಸಲೆಂದು ಕೆಲವು ಡಿಸ್ಕ್‌ಗಳು ಕೆಲವೇ ಸೆಕೆಂಡ್ ಬಿಡುವಾದರೂ ಡೇಟಾ ಓದಿ ಬರೆಯುವ ಹೆಡ್ ಅನ್ನು ಪಕ್ಕಕ್ಕೆ ಸರಿಸುತ್ತವೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ 193 ಸಂಖ್ಯೆಯ ಸಾಲಿನಲ್ಲಿ ಹೀಗೆ ಎಷ್ಟು ಸಲ ಸರಿಸಿತೆಂಬ ಎಣಿಕೆ ಸಿಗುತ್ತದೆ. ಒಂದು ವಾರದ ಅಂತರದಲ್ಲಿ ಎರಡು ಸಲ ನೋಡಿ, ತಯಾರಕರು ಹೇಳಿದ ಮಿತಿಗೆ (ಹಲವು ಮಾದರಿಗಳಲ್ಲಿ 3 ಲಕ್ಷ) ಹೋಲಿಸಿ. ದಿನಕ್ಕೆ ಸಾವಿರ ಏರುತ್ತಿದ್ದರೆ ಒಂದೇ ವರ್ಷದಲ್ಲಿ ಮಿತಿ ಮುಗಿಯುತ್ತದೆ.

ಇನ್ನೊಂದು: 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 3.63 ಎಂದು ಕಾಣುವುದು ಮೋಸವಲ್ಲ, ಎಣಿಸುವ ರೀತಿ ಬೇರೆ. 2 ಟಿಬಿ ಮಾತ್ರ ಬಳಕೆಗೆ ಸಿಕ್ಕರೆ ಡಿಸ್ಕ್‌ನ ವಿಭಾಗಗಳನ್ನು ದಾಖಲಿಸುವ ಹಳೆಯ ವಿಧಾನವಾದ ಎಂಬಿಆರ್ ಬದಲು ಹೊಸದಾದ ಜಿಪಿಟಿ ಆರಿಸಿ. ಡೇಟಾ ತುಂಬುವ ಮೊದಲೇ ಪೂರ್ತಿ ಮೇಲ್ಮೈ ಪರೀಕ್ಷೆ (ಡಿಸ್ಕ್‌ನ ಪ್ರತಿ ಭಾಗವನ್ನೂ ಓದಿ ನೋಡುವುದು) ಮಾಡಿ. ಅದೇ ಸ್ಮಾರ್ಟ್ ಪಟ್ಟಿಯಲ್ಲಿ 5 (ಕೆಟ್ಟು ಬದಲಾಯಿಸಿದ ಭಾಗಗಳು) ಅಥವಾ 197 (ಕೆಟ್ಟಿರಬಹುದಾದ ಭಾಗಗಳು) ಸಂಖ್ಯೆಯ ಸಾಲಿನ ಮೂಲ ಸಂಖ್ಯೆ (raw value) ಸೊನ್ನೆಯಿಂದ ಏರಿದರೆ ಡಿಸ್ಕ್ ಹಿಂತಿರುಗಿಸಿ.

– ಓದುಗ