ಬಿರುಕು ಎಲ್ಲಿದೆ ಎಂದು ತೋರಿಸದೆ ಬ್ಲಾಕ್ ಬದಲಿಸಿ ಎನ್ನುತ್ತಿರುವ ಬಗ್ಗೆ ದೂರು

ಮಲ್ಪೆ
12 ಸೆಪ್ಟೆಂಬರ್ 2025

ಇವರಿಗೆ,
ಸರ್ವಿಸ್ ವಿಭಾಗದ ಮುಖ್ಯಸ್ಥರು,
ಬೋಟ್ ಇಂಜಿನ್ ಕಂಪನಿಯ ಪ್ರಾದೇಶಿಕ ಕಚೇರಿ

ವಿಷಯ: ನನ್ನ ಟ್ರಾಲ್ ಬೋಟಿನ ಆರು ಸಿಲಿಂಡರ್ ಡೀಸೆಲ್ ಇಂಜಿನ್ನಿನ ಬ್ಲಾಕ್ (ಸಿಲಿಂಡರುಗಳಿರುವ ಬೀಡುಕಬ್ಬಿಣದ ಮುಖ್ಯ ಭಾಗ) ಬಿರುಕು ಬಿಟ್ಟಿರುವುದು, ಜುಲೈ ತಿಂಗಳ ಸರ್ವಿಸಿನಲ್ಲಿ ಆದ ಲೋಪ, ಪರೀಕ್ಷಾ ವರದಿ ಕೊಡದಿರುವುದು.

ಮಾನ್ಯರೇ,

ನನ್ನ ಬೋಟನ್ನು ಮಲ್ಪೆ ದಕ್ಕೆಯಲ್ಲಿ ಕಟ್ಟಿಹಾಕಿ ಇವತ್ತಿಗೆ 22 ದಿನ. ಇಂಜಿನ್ ರೂಮು ಖಾಲಿ. ಇಂಜಿನ್ ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿನ ಅಂಗಳದಲ್ಲಿ ಬಿಚ್ಚಿ ಬಿದ್ದಿದೆ. "ಬ್ಲಾಕ್ ಹೋಗಿದೆ, ಬೇರೆ ಹಾಕ್ಲೇಬೇಕು" ಎಂದು ಫೋನಿನಲ್ಲಿ ಹೇಳಿ ಒಂದು ಕೊಟೇಶನ್ ಕಳಿಸಿದ್ದಾರೆ, ಅಷ್ಟೇ. ರಿಪೇರಿ ಮಾಡಿಸುವುದೋ ಹೊಸದು ಹಾಕಿಸುವುದೋ ಎಂದು ತೀರ್ಮಾನಿಸಬೇಕಾದವನು ನಾನು. ಬಿರುಕು ಎಲ್ಲಿದೆ, ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯದೆ ನಾನು ಏನನ್ನು ತೀರ್ಮಾನಿಸಲಿ? ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಮೂರು ಸಲ ಕೇಳಿದರೂ ಕೊಡದ ಕಾರಣ ನಿಮಗೆ ನೇರವಾಗಿ ಬರೆಯುತ್ತಿದ್ದೇನೆ.

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮಗೆ ಮೀನುಗಾರಿಕೆ ರಜೆ. ಇಂಜಿನ್ ಕೆಲಸ ಮಾಡಿಸಲು ನಮಗಿರುವುದು ಅದೇ ಸಮಯ. ಜುಲೈ 11ರಂದು ನಿಮ್ಮ ಸರ್ವಿಸ್ ಸೆಂಟರಿನವರು ಬೋಟಿಗೇ ಬಂದು ಸರ್ವಿಸ್ ಮಾಡಿದರು. ಬಿಲ್ 64,300 ರೂಪಾಯಿ. ಮಾಡಿದ ಕೆಲಸಕ್ಕೆ ಆರು ತಿಂಗಳ ಗ್ಯಾರಂಟಿ ಎಂದು ಬಿಲ್ಲಿನಲ್ಲೇ ಇದೆ. ಆ ದಿನ ಉಪ್ಪುನೀರಿನ ಪಂಪಿನ ಇಂಪೆಲ್ಲರ್, ಅಂದರೆ ನೀರನ್ನು ತಳ್ಳುವ ರಬ್ಬರ್ ರೆಕ್ಕೆಗಳ ಚಕ್ರ, ಬದಲಿಸಿದರು. ಹಳೆಯದನ್ನು ಹೊಸದರ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಅದರ ಹತ್ತು ರೆಕ್ಕೆಗಳಲ್ಲಿ ಮೂರು ಇರಲಿಲ್ಲ. ಆಗ ನನಗೆ ಅದರ ಅರ್ಥ ಹೊಳೆಯಲಿಲ್ಲ. ನಿಮ್ಮ ಮೆಕ್ಯಾನಿಕ್‌ಗೆ ಹೊಳೆಯಬೇಕಿತ್ತು. ಮುರಿದ ರಬ್ಬರ್ ನೀರಿನ ಜೊತೆ ಮುಂದಕ್ಕೆ ಹೋಗುತ್ತದೆ. ಮುಂದೆ ಇರುವುದು ಹೀಟ್ ಎಕ್ಸ್‌ಚೇಂಜರ್, ಉಪ್ಪುನೀರು ಇಂಜಿನ್ನಿನ ಕೂಲಿಂಗ್ ನೀರನ್ನು ತಣಿಸುವ ಜಾಗ. ಅದು ಕಟ್ಟಿಕೊಂಡರೆ ಇಂಜಿನ್ ಕಾಯುತ್ತದೆ.

ಆಗಸ್ಟ್‌ನಲ್ಲಿ ಸಮುದ್ರ ಪೂಜೆ ಮುಗಿಸಿ ಕಡಲಿಗೆ ಇಳಿದೆವು. ಮೊದಲ ಟ್ರಿಪ್ಪಿನಲ್ಲೇ ಯಾವಾಗಲೂ 80 ಡಿಗ್ರಿಯಲ್ಲಿ ನಿಲ್ಲುತ್ತಿದ್ದ ಮುಳ್ಳು 88ಕ್ಕೆ ಬಂತು. ದಡಕ್ಕೆ ಬಂದವನೇ ನಿಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಥರ್ಮೋಸ್ಟಾಟ್ ಹೊಸತಲ್ವಾ, ಸರಿಯಾಗ್ತದೆ, ನೀವು ಹೋಗಿ" ಎಂದರು. ಹೋದೆವು. ಆಗಸ್ಟ್ 20ರ ರಾತ್ರಿ ಎರಡು ಗಂಟೆಗೆ ಗಂಗೊಳ್ಳಿ ನೇರಕ್ಕೆ 30 ಮಾರು ನೀರಿನಲ್ಲಿ ಬಲೆ ಎಳೆಯುತ್ತಿದ್ದಾಗ ಇಂಜಿನ್ ರೂಮಿನಿಂದ ಬಿಸಿ ಪೇಂಟಿನ ವಾಸನೆ ಬಂತು. ಇಂಜಿನ್ ಕಾದರೆ ಎಚ್ಚರಿಸಬೇಕಾದ ಬಜರ್ ಹೊಡೆಯಲೇ ಇಲ್ಲ. ಬೋಟ್ ನಡೆಸುವ ತಾಂಡೇಲರು ಗೇಜ್ ನೋಡಿ ಕೂಗುವಷ್ಟರಲ್ಲಿ ಮುಳ್ಳು 110 ದಾಟಿತ್ತು. ಇಂಜಿನ್ ನಿಲ್ಲಿಸಿದವನು ನಾನೇ, ನಾನೂ ಅದೇ ಬೋಟಿನಲ್ಲಿ ದುಡಿಯುವವನು. ಬಲೆ ಕೈಯಲ್ಲೇ ಎಳೆದು ಹಾಕಿದೆವು. ಇನ್ನೊಂದು ಬೋಟಿನವರು ಹಗ್ಗ ಕೊಟ್ಟು ಎಂಟು ಗಂಟೆ ಎಳೆದುಕೊಂಡು ಬಂದು ಮಲ್ಪೆ ಮುಟ್ಟಿಸಿದರು. ಅವರ ಆ ದಿನದ ಮೀನುಗಾರಿಕೆಯೂ ಹೋಯಿತು.

ಆಗಸ್ಟ್ 22ರಂದು ನಿಮ್ಮ ಮೆಕ್ಯಾನಿಕ್ ಎದುರಿನಲ್ಲೇ ಹೀಟ್ ಎಕ್ಸ್‌ಚೇಂಜರಿನ ಮುಚ್ಚಳ ಬಿಚ್ಚಿದೆವು. ತಾಮ್ರದ ಕೊಳವೆಗಳ ಬಾಯಿಗೆ ಅಡ್ಡವಾಗಿ ಕಪ್ಪು ರಬ್ಬರಿನ ಮೂರು ತುಂಡು, ಅವಕ್ಕೆ ಅಂಟಿಕೊಂಡು ಚಿಪ್ಪಿನ ಚೂರು, ಪಾಚಿ. ವೀಲ್‌ಹೌಸಿನಿಂದ ಹಳೆಯ ಇಂಪೆಲ್ಲರಿನ ಡಬ್ಬಿ ತಂದು ತುಂಡುಗಳನ್ನು ಅದರ ಮೋಟು ರೆಕ್ಕೆಗಳಿಗೆ ಹಿಡಿದು ನೋಡಿದೆವು. ಮೂರೂ ಕೂಡಿದವು. ಹೊಸ ಇಂಪೆಲ್ಲರಿನ ಒಂದು ರೆಕ್ಕೆಯೂ ಹೋಗಿರಲಿಲ್ಲ. ಬಜರಿನ ಸೆನ್ಸರ್ ವಯರು ಮ್ಯಾನಿಫೋಲ್ಡ್ ಹಿಂದೆ ಕ್ಲಿಪ್ ಬಿಚ್ಚಿಕೊಂಡು ನೇತಾಡುತ್ತಿತ್ತು. ಸರ್ವಿಸ್ ಮಾಡುವಾಗ ತೆಗೆದದ್ದನ್ನು ಮತ್ತೆ ಹಾಕಿರಲಿಲ್ಲ. ಎಲ್ಲದರ ಫೋಟೋ ಇದೆ, ನಿಮ್ಮ ಮೆಕ್ಯಾನಿಕ್ ಕೈಯಲ್ಲಿ ಆ ವಯರು ಹಿಡಿದು ನಿಂತಿರುವ ಫೋಟೋ ಸಹ.

ಹೀಗಿದ್ದೂ ನಿಮ್ಮ ಸರ್ವಿಸ್ ಸೆಂಟರಿನವರು ಕೊಟ್ಟ ಉತ್ತರ, "ನೀವು ಬಿಸಿ ಇಂಜಿನ್‌ಗೆ ತಣ್ಣೀರು ಹೊಯ್ದಿದ್ದೀರಿ, ಅದಕ್ಕೇ ಬಿರುಕು ಬಿಟ್ಟದ್ದು." ಈ ಮಾತು ನನಗೆ ತುಂಬಾ ನೋವು ಕೊಟ್ಟಿದೆ. ಕಾದ ಬೀಡುಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಒಡೆಯುತ್ತದೆ ಎಂಬುದು ಕಡಲಿಗೆ ಹೋಗುವ ಹುಡುಗನಿಗೂ ಗೊತ್ತು. ನಾವು ನೀರಿನ ಟ್ಯಾಂಕಿನ ಮುಚ್ಚಳ ಸಹ ತೆಗೆಯಲಿಲ್ಲ. ಇಂಜಿನ್ ಮತ್ತೆ ಚಾಲೂ ಮಾಡಲೂ ಇಲ್ಲ. ಬೋಟಿನಲ್ಲಿದ್ದ ಎಂಟು ಜನರೂ ಬರೆದು ಸಹಿ ಹಾಕಿ ಕೊಡಲು ತಯಾರಿದ್ದಾರೆ.

ಇನ್ನು ಬ್ಲಾಕಿನ ವಿಷಯ. ಆಗಸ್ಟ್ 29ರಂದು ನಮ್ಮೂರಿನ ಲೇತ್ ವರ್ಕ್‌ಶಾಪಿನವರನ್ನು ಕರೆದುಕೊಂಡು ನಿಮ್ಮಲ್ಲಿಗೆ ಬಂದೆ. ಫೋರ್‌ಮ್ಯಾನ್ ಮನಸ್ಸಿಲ್ಲದ ಮನಸ್ಸಿನಿಂದ ಅರ್ಧ ಗಂಟೆ ಕೊಟ್ಟರು. ಲೇತಿನವರು ಬ್ಲಾಕಿನ ಬಲಬದಿಯ ಪೇಂಟ್ ಕೆರೆದು, ಎಣ್ಣೆ ಪಸೆ ಹೋಗುವಂತೆ ಒರೆಸಿ, ಬಿರುಕಿದ್ದರೆ ಅದರೊಳಗೆ ಇಳಿಯುವ ಕೆಂಪು ಡೈ ಸ್ಪ್ರೇ ಮಾಡಿದರು. ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿ ಪೌಡರ್ ಹೊಡೆದರು. ನೋಡುತ್ತಿದ್ದಂತೆ ಬಿಳಿಯ ಮೇಲೆ ಕೂದಲೆಳೆಯಷ್ಟು ಸಪೂರದ ಕೆಂಪು ಗೆರೆ ಎದ್ದು ಬಂತು. ಮ್ಯಾನಿಫೋಲ್ಡ್ ಕೆಳಗಿನಿಂದ ಹೊರಟು ನಾಲ್ಕನೇ ಸಿಲಿಂಡರ್ ಪಕ್ಕದ ಕೋರ್ ಪ್ಲಗ್ ಹತ್ತಿರ ನಿಂತಿತ್ತು. ಅಳೆದರು, 13 ಸೆಂಟಿಮೀಟರ್. ಅದು ವಾಟರ್ ಜಾಕೆಟಿನ, ಅಂದರೆ ಸಿಲಿಂಡರುಗಳ ಸುತ್ತ ಕೂಲಿಂಗ್ ನೀರು ಹರಿಯುವ ಜಾಗದ, ಹೊರಗೋಡೆ.

ಆ ಜಾಗದ ಬಿರುಕಿಗೂ ಒಳಗಿನ ಬಿರುಕಿಗೂ ಆಕಾಶ ಭೂಮಿಯ ವ್ಯತ್ಯಾಸ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹೊರಗೋಡೆ ತಡೆಯಬೇಕಾದ್ದು ಕೂಲಿಂಗ್ ನೀರಿನ ಸಣ್ಣ ಒತ್ತಡವನ್ನು. ಅಲ್ಲಿ ಮೆಟಲ್ ಸ್ಟಿಚಿಂಗ್ ಮಾಡಬಹುದು: ಬಿರುಕಿಗೆ ಅಡ್ಡವಾಗಿ ಲಾಕ್ ಕೂರಿಸಿ, ಬಿರುಕಿನ ಉದ್ದಕ್ಕೂ ಒಂದಕ್ಕೊಂದು ತಾಗುವಂತೆ ಥ್ರೆಡ್ ಪಿನ್ ತಿರುಗಿಸಿ ತಟ್ಟಿ ಸಮ ಮಾಡುವುದು. ಬೆಂಕಿ ತಾಗಿಸದ ಕೆಲಸ. "ಬೇಕಾದ್ರೆ ವೆಲ್ಡಿಂಗ್ ಹೊಡೀಬಹುದು, ನಿಲ್ಲುವುದಿಲ್ಲ" ಎಂದು ನಿಮ್ಮ ಫೋರ್‌ಮ್ಯಾನ್ ಹೇಳಿದ್ದು ಅರ್ಧ ನಿಜ. ಬೀಡುಕಬ್ಬಿಣದ ಒಂದೇ ಜಾಗ ಕಾಯಿಸಿ ಬಿಟ್ಟರೆ ತಣಿಯುವಾಗ ಪಕ್ಕದಲ್ಲಿ ಹೊಸ ಬಿರುಕು ಏಳುತ್ತದೆ, ಹೌದು. ಆದರೆ ನಾನು ಕೇಳಿದ್ದು ವೆಲ್ಡಿಂಗ್ ಅಲ್ಲವಲ್ಲ.

ಬಿರುಕು ಎರಡು ಸಿಲಿಂಡರುಗಳ ನಡುವೆ ಹೆಡ್ ಕೂರುವ ಮುಖದಲ್ಲಿದ್ದರೆ, ಸಿಲಿಂಡರಿನ ಒಳಕೊಳವೆ, ಅಂದರೆ ಲೈನರ್, ಕೂರುವ ಮೆಟ್ಟಿಲಿನಲ್ಲಿದ್ದರೆ, ಕ್ರ್ಯಾಂಕ್ ಕೂರುವ ಮೇನ್ ಬೇರಿಂಗ್ ಗೋಡೆಯಲ್ಲಿದ್ದರೆ ಮಾತು ಬೇರೆ. ಮೇನ್ ಬೇರಿಂಗ್ ಗೋಡೆಯಲ್ಲಿ ಬಿರುಕಿದೆ ಎಂದು ನೀವು ತೋರಿಸಿದರೆ ನಾನೇ ಆ ಬ್ಲಾಕನ್ನು ಗುಜರಿಗೆ ಹಾಕುತ್ತೇನೆ. ರಿಪೇರಿ ಮಾಡಿಸಿದ ಬ್ಲಾಕ್ ನಡುಗಡಲಲ್ಲಿ ಕೈಕೊಟ್ಟರೆ ಎಂಟು ಜೀವಗಳ ಪ್ರಶ್ನೆ, ಹಣ ಉಳಿಸಲು ಹೋಗಿ ಅಂಥ ಕೆಲಸ ನಾನು ಮಾಡುವವನಲ್ಲ. ಹಾಗಾಗಿಯೇ ಜಾಕೆಟಿನ ಎಲ್ಲ ತೂತು ಮುಚ್ಚಿ ಗಾಳಿ ತುಂಬಿ ಪ್ರೆಶರ್ ಟೆಸ್ಟ್ ಮಾಡಿ, ಒಳಗೂ ಡೈ ಹಾಕಿ ನೋಡಿ, ಹೆಡ್ ಮುಖ ಸೊಟ್ಟಗಾಗಿದೆಯೇ ಅಳೆಯಿರಿ ಎಂದು ಕೇಳಿದೆ. "ಅದೆಲ್ಲ ನಮ್ಮಲ್ಲಿ ಮಾಡುವ ಕ್ರಮ ಇಲ್ಲ, ನಾವು ಬದಲಿಸುವುದು ಮಾತ್ರ" ಎಂದರು. ಲೇತಿನವರೇ ಮಾಡಲಿ, ಬ್ಲಾಕ್ ಕೊಡಿ ಎಂದೆ. ಇಂಜಿನ್ ಬಿಚ್ಚಿದ ಕೂಲಿ 22,000 ಕಟ್ಟದೆ ಕೊಡುವುದಿಲ್ಲ ಎಂದರು.

ನಿಮ್ಮ ಕೊಟೇಶನ್ ಪ್ರಕಾರ ಬರೀ ಬ್ಲಾಕಿಗೆ 2,85,000. ಲೈನರ್, ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ 4,60,000. ಬ್ಲಾಕ್ ಬರಲು ಆರು ವಾರ. ಲೇತಿನವರು ಸ್ಟಿಚಿಂಗಿಗೆ ಹೇಳಿದ್ದು 38,000, ಐದು ದಿನ. ಇನ್ನೊಂದು ವಿಷಯ ಕೊಟೇಶನ್ನಿನಲ್ಲಿ ಇಲ್ಲವೇ ಇಲ್ಲ: ನನ್ನ ಬೋಟಿನ ದಾಖಲೆಯಲ್ಲಿ, ಇನ್ಶೂರೆನ್ಸಿನಲ್ಲಿ ಇರುವ ಇಂಜಿನ್ ನಂಬರ್ ಕೊರೆದಿರುವುದು ಹಳೆಯ ಬ್ಲಾಕಿನ ಮೇಲೆ. ಹೊಸ ಬ್ಲಾಕಿಗೆ ಯಾವ ನಂಬರ್, ಅದಕ್ಕೆ ಕಂಪನಿಯ ಪತ್ರ ಕೊಡುತ್ತೀರಾ, ಇದಕ್ಕೂ ಉತ್ತರ ಬಂದಿಲ್ಲ.

ರಜೆ ಮುಗಿದ ಮೇಲಿನ ಮೊದಲ ಎರಡು ತಿಂಗಳ ದುಡಿಮೆಯಲ್ಲೇ ನಾವು ರಜೆಯಲ್ಲಿ ಮಾಡಿದ ಸಾಲ ತೀರಿಸುವುದು. ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ಸಂಬಳವಲ್ಲ, ಪಾಲು, ಮೀನಿಲ್ಲದಿದ್ದರೆ ಪಾಲಿಲ್ಲ. ಇಬ್ಬರು ಈಗಾಗಲೇ ಹೊನ್ನಾವರಕ್ಕೆ ವಾಪಸ್ ಹೋಗಿದ್ದಾರೆ. ಅವರನ್ನು ತಡೆಯಲು ನನ್ನ ಬಳಿ ಮಾತಿರಲಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಸೆಪ್ಟೆಂಬರ್ 22, ಸೋಮವಾರದ ಒಳಗೆ ನನ್ನ ಮತ್ತು ಲೇತಿನವರ ಎದುರಿನಲ್ಲಿ ಪ್ರೆಶರ್ ಟೆಸ್ಟ್, ಡೈ ಟೆಸ್ಟ್ ಮಾಡಿಸಿ, ಬಿರುಕಿನ ಜಾಗ, ಉದ್ದ ಬರೆದು ಸಹಿ ಹಾಕಿದ ವರದಿ ಕೊಡಿ. ಹೊರಗೋಡೆಯ ಬಿರುಕು ಮಾತ್ರ ಎಂದಾದರೆ ಸ್ಟಿಚಿಂಗ್ ಖರ್ಚು, ಇಂಜಿನ್ ಬಿಚ್ಚಿ ಕೂರಿಸುವ ಖರ್ಚು ನಿಮ್ಮದು. ಒಳಗೂ ಒಡೆದಿದ್ದರೆ ಬ್ಲಾಕ್ ನಿಮ್ಮ ಖರ್ಚಿನಲ್ಲಿ ಬದಲಾಗಬೇಕು, ಯಾಕೆಂದರೆ ಒಡೆಯಲು ಕಾರಣವಾದ ಮೂರು ರಬ್ಬರ್ ತುಂಡುಗಳನ್ನು ಒಳಗೆ ಬಿಟ್ಟವರು ನಿಮ್ಮವರು. ಇದು ಯಾವುದೂ ಒಪ್ಪಿಗೆಯಿಲ್ಲ ಎಂದಾದರೆ, ಬಿಚ್ಚಿದ ಕೂಲಿ ಕೇಳದೆ ಇಂಜಿನ್ನಿನ ಎಲ್ಲ ಭಾಗಗಳನ್ನೂ ಪಟ್ಟಿ ಮಾಡಿ ವಾಪಸ್ ಕೊಡಿ. ಅಲ್ಲಿಯವರೆಗೆ ಬ್ಲಾಕಿಗೆ ಪೇಂಟ್ ಹೊಡೆಯುವುದಾಗಲಿ, ಬೇರೆಡೆ ಸಾಗಿಸುವುದಾಗಲಿ ಮಾಡಬಾರದು.

ಉತ್ತರ ಬಾರದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬೋಟು ವ್ಯಾಪಾರದ್ದು, ನೀವು ಗ್ರಾಹಕರೇ ಅಲ್ಲ ಎಂದು ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಒಬ್ಬರು ಹೇಳಿದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕನೇ ಎಂದು ವಕೀಲರಿಂದ ತಿಳಿದುಕೊಂಡಿದ್ದೇನೆ.

22ರಂದು ಬೆಳಿಗ್ಗೆ 10 ಗಂಟೆಗೆ ಲೇತಿನವರ ಜೊತೆ ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಇರುತ್ತೇನೆ. ಡೈ ಡಬ್ಬಿ ನಾವೇ ತರುತ್ತೇವೆ.

ಇಂತಿ,
ಟ್ರಾಲ್ ಬೋಟಿನ ಮಾಲೀಕ, ಮಲ್ಪೆ

ಲಗತ್ತು: ಜುಲೈ 11ರ ಸರ್ವಿಸ್ ಬಿಲ್ಲಿನ ಪ್ರತಿ, ನಿಮ್ಮ ಕೊಟೇಶನ್ನಿನ ಪ್ರತಿ, ಹೀಟ್ ಎಕ್ಸ್‌ಚೇಂಜರ್ ಬಿಚ್ಚಿದಾಗಿನ ಮತ್ತು ಡೈ ಟೆಸ್ಟಿನ ಒಟ್ಟು 14 ಫೋಟೋ. ರಬ್ಬರ್ ತುಂಡುಗಳು ಮತ್ತು ಹಳೆಯ ಇಂಪೆಲ್ಲರ್ ನನ್ನಲ್ಲಿಯೇ ಇವೆ. ಕೊಡಲಾಗುವುದಿಲ್ಲ, ಬಂದು ನೋಡಬಹುದು.